ಮಿಷನ್ ರೂಮಿಗೆ ಸಾಂಬ್ರಾಣಿ

ದುರ್ಗದ ಬಂಡೆಗಳು ಕಾದು ಕಾವಲಿ ಆಗಿರುವ ಏಪ್ರಿಲ್ ತಿಂಗಳಲ್ಲೂ ಮಿಷನ್ ಮೇಷ್ಟ್ರ ಮೈಮೇಲೆ ಉಣ್ಣೆ ಸ್ವೆಟರ್ ಇರುತ್ತಿತ್ತು. ಬೂದು ಬಣ್ಣದ್ದು, ಎಡ ಮೊಣಕೈ ಹತ್ತಿರ ಬೇರೆ ದಾರದಲ್ಲಿ ಹೊಲಿದದ್ದು. ಹೊರಗೆ ಬಂದು ಬೇವಿನ ಮರದ ಕೆಳಗೆ ಟೀ ಕುಡಿಯುವಾಗ ಹಣೆಯ ಬೆವರು ಇಳಿದು ಕನ್ನಡಕದ ಮೇಲೆ ತೊಟ್ಟಿಕ್ಕುತ್ತಿತ್ತು. ಆದರೂ ಬಿಚ್ಚುತ್ತಿರಲಿಲ್ಲ. "ಇನ್ನೆರಡು ನಿಮಿಷಕ್ಕೆ ಒಳಗೆ ಹೋಗಬೇಕಲ್ಲಕ್ಕ. ಯಾರು ಬಿಚ್ತಾರೆ, ಯಾರು ಹಾಕ್ಕಂತಾರೆ" ಅನ್ನುತ್ತಿದ್ದರು. ಮಿಷನ್ ರೂಮಿನ ಏಸಿ ಚಳಿ, ಹೊರಗಿನ ಬಿಸಿಲು ಎರಡರ ನಡುವೆ ಓಡಾಡಿ ಅವರಿಗೆ ವರ್ಷವಿಡೀ ನೆಗಡಿ. ಮೂಗು ಸದಾ ಕಟ್ಟಿರುತ್ತಿತ್ತು. ಆ ಕಟ್ಟಿದ ಮೂಗಿನಿಂದ ನಾನು ಮೂರು ದಿನ ಉಳಿದೆ.

ಎಪ್ಪತ್ತರ ದಶಕದ ಕೊನೆ. ಊರೂರಿಗೆ ಬೋರು ಕೊರೆಸುವ ಆಫೀಸು ಅದು. ಎಲ್ಲಿ ಎಷ್ಟು ಆಳಕ್ಕೆ ನೀರು ಸಿಕ್ಕಿತು, ಎಲ್ಲಿ ಬರೀ ಕಲ್ಲು ಸಿಕ್ಕಿತು ಅಂತ ಪಟ್ಟಿ ಮಾಡೋಕೆ ಹೊರದೇಶದವರು ಒಂದು ಕಂಪ್ಯೂಟರ್ ಕೊಟ್ಟಿದ್ದರು. ನಾವು ಮಿಷನ್ ಅನ್ನುತ್ತಿದ್ದೆವು. ಅದನ್ನು ನಡೆಸುವ ಇಂಜಿನಿಯರು ಇವರು. ಏನು ಕೇಳಿದರೂ ಪಾಠ ಮಾಡಿದ ಹಾಗೆ ಹೇಳುತ್ತಿದ್ದರು ಅಂತ ಜವಾನನಿಂದ ಹಿಡಿದು ಎಲ್ಲರೂ ಅವರನ್ನು ಮಿಷನ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು.

ನಾನು ಕಸ ಗುಡಿಸುವವಳು. ದಿನಗೂಲಿ. ತಾಳ್ಯದ ಕಡೆಯವಳು, ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ದುರ್ಗಕ್ಕೆ ಬಂದಿದ್ದೆ. ಬೇಡ ಅಂದರೆ ನಾಳೆಯಿಂದ ಬೇಡ, ಅಷ್ಟೇ ಆ ಕೆಲಸ.

ಆ ರೂಮು ಕಂಡರೆ ನನಗೆ ಮೊದಲಿಂದ ಭಯ. ಬೀರುವಿನಷ್ಟು ಎತ್ತರದ ಎರಡು ಪೆಟ್ಟಿಗೆ, ಅದರ ಎದೆಯ ಮೇಲೆ ಕೆಂಪು ದೀಪ ಮಿಣಮಿಣ ಅಂತಿದ್ದವು. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಉಣ್ಣಬಾರದು, ಎಲೆಅಡಿಕೆ ಹಾಕಬಾರದು. ಎಲ್ಲರ ಮೇಲೂ ಹಾರಾಡುವ ದೊಡ್ಡ ಸಾಹೇಬರು ಕೂಡ ಅಲ್ಲಿ ಬರಿಗಾಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ಇಷ್ಟು ಮಡಿ ಇದ್ದಮೇಲೆ ಅದು ದೇವರ ಮನೆ ಅಲ್ಲದೆ ಇನ್ನೇನು? ದಿನಾ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಹೋಗುತ್ತಿದ್ದೆ.

ಮೇಷ್ಟ್ರು ಹೊತ್ತು ಹೊತ್ತಿಗೂ ಕೂತು ಬರೆಯುತ್ತಿದ್ದರು. ಹಾಳಾದ ಕಾಗದದ ಬೆನ್ನಿಗೆ ಪೆನ್ಸಿಲ್‌ನಲ್ಲಿ ಬರೆದು, ಆಮೇಲೆ ಕೀಲಿ ಕುಟ್ಟಿ ಮಿಷನ್ನಿಗೆ ತುಂಬುತ್ತಿದ್ದರು. ಒಂದಿನ ಕೇಳಿಯೇ ಬಿಟ್ಟೆ.

"ಏನು ಸಾಮಿ ಅಷ್ಟೊಂದು ಬರೀತೀರ? ಕತೇನಾ?"

"ಕತೆ ಅಲ್ಲಕ್ಕ, ಚಿಲ್ಲರೆ ಕೆಲಸ. ಇದರೊಳಗೆ ಯುನಿಕ್ಸ್ ಅಂತ ಒಂದೈತೆ. ದೊಡ್ಡ ಮನೆ ಯಜಮಾನಿ ಇದ್ದಂಗೆ ಅದು. ತಾನು ಕೂತು ಯಾರ್ಯಾರು ಯಾವ ಕೆಲಸ ಮಾಡಬೇಕು ಅಂತ ಹೇಳ್ತದೆ. ಕೆಲಸದೋರನ್ನ ನಾನು ಬರೀಬೇಕು. ಒಂದು ಊರ ಹೆಸರು ಜೋಡಿಸ್ತದೆ, ಒಂದು ಎಣಿಸ್ತದೆ. ಅಷ್ಟೇ, ಒಬ್ಬೊಬ್ಬರಿಗೆ ಒಂದೊಂದೇ ಕೆಲಸ."

"ಅದಕ್ಕೆ ಇಷ್ಟು ತಿಂಗಳು ಬೇಕಾ?"

ನಕ್ಕರು. "ಆ ಪ್ರಿಂಟರ್ ನೋಡು, ಅದೊಂದು ದೇಶದ್ದು, ಮಿಷನ್ ಒಂದು ದೇಶದ್ದು. ಒಂದರ ಮಾತು ಒಂದಕ್ಕೆ ತಿಳಿಯಲ್ಲ. ನಡುವೆ ನಿಂತು ಇದಕ್ಕೆ ಹಿಂಗಂದ್ರು, ಅದಕ್ಕೆ ಹಂಗನ್ನು ಅಂತ ಹೇಳೋನೊಬ್ಬ ಬೇಕಲ್ಲ? ಅವನಿಗೆ ಡ್ರೈವರ್ ಅಂತಾರೆ. ಅವನನ್ನ ಬರೆಯೋಕೇ ಆರು ತಿಂಗಳು ತಿಂದ."

ಡ್ರೈವರ್ ಬಂದ. ಪ್ರಿಂಟರ್ ಮಾತಾಡಿತು. ಅಲ್ಲಿಂದ ನನ್ನ ಕಷ್ಟ ಶುರುವಾಯಿತು.

ಒಂದು ಬೆಳಗ್ಗೆ ಆರೂವರೆಗೆ ನಾನೊಬ್ಬಳೇ ಬಗ್ಗಿ ನೆಲ ಒರೆಸುತ್ತಿದ್ದೆ. ಬೆನ್ನ ಹಿಂದೆ ಕಟಕಟಕಟ ಅಂತ ಸದ್ದು. ತಿರುಗಿ ನೋಡಿದರೆ ಯಾರೂ ಇಲ್ಲ. ಕುರ್ಚಿ ಖಾಲಿ. ಪ್ರಿಂಟರ್ ತಾನೇ ಹಲ್ಲು ಕಡಿದ ಹಾಗೆ ಕಡಿಯುತ್ತಾ ಕಾಗದ ಹೊರಗೆ ಉಗುಳುತ್ತಿದೆ. ಬಕೆಟ್ ಅಲ್ಲೇ ಬಿಟ್ಟು ಹೊರಗೆ ಓಡಿದೆ. ಬೇವಿನ ಮರ ಹಿಡಿದು ನಿಂತೆ. ಐದು ನಿಮಿಷಕ್ಕೆ ಸದ್ದು ನಿಂತಿತು. ಮಾರನೇ ದಿನವೂ ಅದೇ ಹೊತ್ತಿಗೆ ಅದೇ ಸದ್ದು. ಅದರ ಮಾರನೇ ದಿನವೂ.

ಜವಾನನಿಗೆ ಹೇಳಿದೆ. ಅವನು ನಾಲಗೆ ಚಪ್ಪರಿಸಿ, "ಗುಡ್ಡದ ಮೇಲೆ ಯಾವ್ಯಾವ ಕಾಲದಲ್ಲಿ ಯಾರ್ಯಾರು ಸತ್ತಿದ್ರೋ ಏನೋ ಕಣವ್ವ, ಅವ್ರಲ್ಲಿ ಒಬ್ಬ ಗುಮಾಸ್ತ ದೆವ್ವ ಆಗಿ ಲೆಕ್ಕ ಬರೆಯೋಕೆ ಇಲ್ಲಿಗೆ ಬಂದವ್ನೆ" ಅಂದ. ತಮಾಷೆಗೆ ಅಂದದ್ದು. ನಾನು ನಿಜ ಅಂತಲೇ ನಂಬಿದೆ. ಮೇಷ್ಟ್ರನ್ನು ಕೇಳಬಹುದಿತ್ತು. ಹೆದರಿದವಳು ಅಂತ ಗೊತ್ತಾದರೆ ಧೈರ್ಯ ಇರುವ ಬೇರೆಯವಳನ್ನು ತರುತ್ತಾರೆ ಅಂತ ಕೇಳಲಿಲ್ಲ. ಅದು ನನ್ನ ದಡ್ಡತನ.

ಶುಕ್ರವಾರ ಬಂತು. ನಮ್ಮ ಮನೆಗಳಲ್ಲಿ ಶುಕ್ರವಾರ ಗುಡಿಸಿ ಒರೆಸಿ ಸಾಂಬ್ರಾಣಿ ಹಾಕುತ್ತೇವೆ. ಮೂಲೆ ಮೂಲೆಗೆ ಹೊಗೆ ತೋರಿಸಿದರೆ ಕೆಟ್ಟದ್ದು ಹೋಗುತ್ತದೆ. ಮನೆಯಿಂದ ಕೆಂಡ ತುಂಬಿದ ಧೂಪದ ಬಟ್ಟಲು ತಂದೆ. ಮಿಷನ್ ರೂಮಿನ ಬಾಗಿಲು ಮುಂದೆ ಮಾಡಿಕೊಂಡು ಎರಡು ಹಿಡಿ ಸಾಂಬ್ರಾಣಿ ಹಾಕಿದೆ. ದೊಡ್ಡ ಪೆಟ್ಟಿಗೆಯ ಹಿಂದೆ ಕೆಳಗಡೆ ಜಾಲರಿ ಇತ್ತು. ಅಲ್ಲಿ ಬಟ್ಟಲು ಹಿಡಿದೆ. ಆಗ ನಾನು ಕಂಡದ್ದನ್ನು ಈಗ ಹೇಳಿದರೂ ಮೈ ಜುಮ್ಮೆನ್ನುತ್ತದೆ. ಹೊಗೆ ಮೇಲಕ್ಕೆ ಏಳಲಿಲ್ಲ. ಮಿಷನ್ ಅದನ್ನು ಉಸಿರು ಎಳೆದ ಹಾಗೆ ಸೊರ್ರ್ ಅಂತ ಒಳಗೆ ಎಳೆದುಕೊಂಡಿತು. ಎಷ್ಟು ಹಾಕಿದರೂ ಎಳೆದುಕೊಂಡಿತು. ಒಪ್ಪಿಸಿಕೊಂಡಿತು ಅಂತ ಕೈಮುಗಿದು ಹೊರಗೆ ಬಂದೆ.

ಹತ್ತು ಗಂಟೆಗೆ ಒಳಗಿನಿಂದ ಕೀರ್ ಅಂತ ಒಂದು ಸದ್ದು, ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಮೇಷ್ಟ್ರು ಓಡಿದರು. ದೀಪಗಳು ಒಂದೊಂದಾಗಿ ಆರಿದವು. ಅವರು ಪೆಟ್ಟಿಗೆಯಿಂದ ಡಿಸ್ಕು ಹೊರಗೆ ತೆಗೆದರು. ಹೋಳಿಗೆ ಹಂಚಿನಷ್ಟು ಅಗಲದ ತಟ್ಟೆ. ಅದರ ಮೇಲೆ ಸುತ್ತಲೂ ಬೆಳ್ಳಗೆ ಗೀರು ಬಿದ್ದಿತ್ತು. ಅವರು ಎಂಟು ತಿಂಗಳು ಬರೆದದ್ದೆಲ್ಲ ಆ ತಟ್ಟೆಯ ಮೇಲೇ ಇದ್ದದ್ದು. ಮೇಷ್ಟ್ರು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು, ಸತ್ತ ಕೂಸನ್ನು ಇಟ್ಟುಕೊಂಡ ಹಾಗೆ.

ದೊಡ್ಡ ಸಾಹೇಬರು ಆಫೀಸು ಹಾರಿಹೋಗುವ ಹಾಗೆ ಕೂಗಿದರು. "ಬುಧವಾರ ಬೆಂಗಳೂರಿಂದ ಮೇಲಿನೋರು ಬರ್ತಾರೆ ಕಣ್ರಿ ಪಟ್ಟಿ ನೋಡೋಕೆ! ಯಾರು ಕೈ ಹಾಕಿದ್ರು ಹೇಳಿ, ಪೊಲೀಸ್‌ನೋರಿಗೆ ಹಿಡಿದು ಕೊಡ್ತೀನಿ."

ಮೇಷ್ಟ್ರು ಯಾವಾಗ ಏನು ಕೆಟ್ಟರೂ ಒಂದೇ ಮಾತು ಹೇಳುತ್ತಿದ್ದರು. ಅವತ್ತೂ ಹೇಳಿದರು. "ಯಾರು ಅಂತ ಬ್ಯಾಡ ಸಾರ್. ಏನಾತು ಅಂತ ಗೊತ್ತಾಗ್ಲಿ ಮೊದ್ಲು."

ಜವಾನ ದಿನಾ ಮುಂದಿನ ಪಡಸಾಲೆಯಲ್ಲಿ ಊದುಬತ್ತಿ ಹಚ್ಚುತ್ತಿದ್ದ. ಸಾಂಬ್ರಾಣಿ ವಾಸನೆ ಯಾರಿಗೂ ವಿಶೇಷ ಅನ್ನಿಸಲಿಲ್ಲ. ಮೇಷ್ಟ್ರಿಗಂತೂ ಮೂಗೇ ಇರಲಿಲ್ಲ. ನಾನು ಬಾಯಿ ಹೊಲಿದುಕೊಂಡೆ.

ಶನಿವಾರ, ಭಾನುವಾರ ಎರಡೂ ದಿನ ರಜೆ, ಮನೆ ಬಿಟ್ಟು ಎಲ್ಲೂ ಹೋಗಲಿಲ್ಲ. ಬೀದಿಯಲ್ಲಿ ಸೈಕಲ್ ಬೆಲ್ಲು ಆದರೆ ಪೊಲೀಸು ಅಂತ ಒಳಗೆ ಓಡುತ್ತಿದ್ದೆ. ಮಗಳು "ಯಾಕವ್ವ" ಅಂದರೆ ಬೈದೆ. ತಾಳ್ಯಕ್ಕೆ ಓಡಿಹೋಗೋಣ ಅಂತ ಬಟ್ಟೆ ಗಂಟು ಕಟ್ಟಿದೆ, ಬಿಚ್ಚಿದೆ. ಹೋದರೆ ಇವಳೇ ಅಂತ ಗೊತ್ತಾಗುತ್ತದೆ. ಸೋಮವಾರ ಕೆಲಸಕ್ಕೆ ಹೋದೆ. ಧೈರ್ಯದಿಂದ ಅಲ್ಲ, ಹೋಗದೇ ಇರುವ ಭಯದಿಂದ.

ಅವತ್ತು ಮೇಷ್ಟ್ರು ಕಬ್ಬಿಣದ ಬೀರುವಿನಿಂದ ಇನ್ನೊಂದು ಡಿಸ್ಕು ತೆಗೆದರು. ಬರೆದದ್ದರ ಒಂದು ನಕಲು ಅದರಲ್ಲಿ ಇಟ್ಟಿದ್ದರಂತೆ. ಇನ್ನೊಂದು ಇರಲಿಲ್ಲ, ಅದೇ ಕೊನೆಯದು. ಅದನ್ನು ಎರಡೂ ಕೈಯಲ್ಲಿ ಹಿಡಿದು ಪೆಟ್ಟಿಗೆ ಮುಂದೆ ನಿಂತರು. ಹಿಂದೆ ದೊಡ್ಡ ಸಾಹೇಬರು. ನಾನು ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು.

"ಹಾಕ್ರಿ, ಏನು ಮೀನಮೇಷ ಎಣಿಸ್ತೀರ?"

"ಮೊನ್ನೆ ಕರೆಂಟು ಎರಡು ಸಲ ಹೋಗಿ ಬಂತು. ಅದರಿಂದ ಆಗಿದ್ರೆ ಚಿಂತೆ ಇಲ್ಲ ಸಾರ್. ಆದ್ರೆ ತಟ್ಟೆ ಮೇಲೆ ಅದನ್ನ ಓದೋ ತಲೆ ತೇಲ್ತದೆ, ನಡುವೆ ಕೂದಲು ಹೋಗೋ ಜಾಗ ಇಲ್ಲ. ಧೂಳೋ ಮಸಿಯೋ ಒಳಗೆ ಹೊಕ್ಕಿದ್ರೆ, ಹಾಕಿದ ತಕ್ಷಣ ಇದೂ ಗೀರಿ ಹೋಗ್ತದೆ. ಎಲ್ಲಾ ಬಿಚ್ಚಿ ನೋಡಬೇಕು ಅಂದ್ರೆ ಒಂದು ವಾರ."

"ಚಪ್ಪಲಿ ಬಿಟ್ಟು ಬರೋ ರೂಮಲ್ಲಿ ಮಸಿ ಎಲ್ಲಿಂದ ಬರ್ತದ್ರಿ? ಕರೆಂಟೇ. ಹಾಕ್ರಿ."

ಮೇಷ್ಟ್ರು ತಲೆ ಆಡಿಸಿದರು. ಪೆಟ್ಟಿಗೆಯ ಬಾಗಿಲು ತೆಗೆದರು. ತಟ್ಟೆ ಅರ್ಧ ಒಳಗೆ ಹೋಯಿತು.

ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ಹಾಕ್‌ಬ್ಯಾಡ್ರಿ! ಹೊಗೆ ಹಾಕಿದೀನಿ, ನಾನೇ ಹಾಕಿದ್ದು, ಅದೇ ಎಳ್ಕಂತು!" ಅಂತ ಕೂಗಿ ಅಲ್ಲೇ ಕುಸಿದು ಕೂತೆ. ಕೂತಲ್ಲೇ ಸೀರೆ ಒದ್ದೆ ಆಯಿತು. ಬಟ್ಟೆಯ ನೀರು ಅಂತ ಅವರು ತಿಳಿದುಕೊಂಡಿರಬೇಕು. ಬಟ್ಟೆಯ ನೀರಲ್ಲ.

ಮೇಷ್ಟ್ರು ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದರು. ಅದನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ಆಮೇಲೆ ನನ್ನ ಎದುರಿಗೆ ನೆಲದ ಮೇಲೆ ಕೂತರು.

"ಎಲ್ಲಿ ಹಿಡಿದೆ ಬಟ್ಟಲು? ತೋರ್ಸು. ಎಷ್ಟು ಹೊತ್ತು? ಸರಿ. ಯಾಕೆ ಹಾಕಿದ್ದು?"

ಪ್ರಿಂಟರ್ ತಾನೇ ಬಡಿದುಕೊಳ್ಳುತ್ತದೆ, ಜವಾನ ಹೀಗಂದ, ನನಗೆ ಭಯ ಅಂತ ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖ ಸಣ್ಣಗಾಯಿತು. "ಅದು ನಾನೇ ಕಣಕ್ಕ. ದಿನಾ ಆರೂವರೆಗೆ ಪಟ್ಟಿ ಅಚ್ಚು ಹಾಕು ಅಂತ ನಾನೇ ಅದಕ್ಕೆ ಹೇಳಿ ಇಟ್ಟಿದ್ದೆ. ಆ ಹೊತ್ತಿಗೆ ಒಳಗೆ ನೀನು ಇರ್ತೀಯ ಅಂತ ನನಗೆ ಹೊಳೀಲೇ ಇಲ್ಲ" ಅಂದರು.

ಜಾಲರಿ ಬಿಚ್ಚಿ ನೋಡಿದರೆ ಅದು ಹರಿದು, ಅಂಟು ಮಸಿ ಹಿಡಿದು ಕರ್ರಗಿತ್ತು. ದೊಡ್ಡ ಸಾಹೇಬರು ಹಾರಾಡಿದರು. "ಈಕೆ ಹೆಸರು ಬರೀರಿ ರಿಪೋರ್ಟಲ್ಲಿ. ಇವತ್ತೇ ಮನೆಗೆ ಕಳಿಸ್ತೀನಿ. ಇವತ್ತು ಸಾಂಬ್ರಾಣಿ, ನಾಳೆ ಮಿಷನ್ ಮುಂದೆ ಕೋಳಿ ಕುಯ್ತಾಳೆ!"

"ಹೆಸರು ಬರೆದ್ರೆ ರಿಪೇರಿ ಆಗ್ತದಾ ಸಾರ್? ಇವಳು ಬಾಯಿ ಬಿಡದಿದ್ರೆ ನನ್ನ ಕೈಯಾರೆ ನಾನೇ ಎರಡನೇದನ್ನೂ ಸುಡ್ತಿದ್ದೆ. ಮುಂದೆ ಈ ರೂಮು ಗುಡಿಸೋಕೆ ಇವಳೇ ಬೇಕು ನನಗೆ. ಏನು ಮಾಡಬಾರದು ಅಂತ ಇವಳಿಗೆ ಗೊತ್ತಾದಷ್ಟು ಇನ್ಯಾರಿಗೂ ಗೊತ್ತಿಲ್ಲ."

ರಿಪೋರ್ಟಿನಲ್ಲಿ ಹೊಗೆ ಹೊಕ್ಕಿತು, ಜಾಲರಿ ಹರಿದಿತ್ತು, ಗುಡಿಸುವವರಿಗೆ ನಾವು ಏನನ್ನೂ ಹೇಳಿಕೊಟ್ಟಿರಲಿಲ್ಲ ಅಂತ ಬರೆದರಂತೆ. ಬುಧವಾರ ಬೆಂಗಳೂರಿನವರು ಬಂದರು. ಪಟ್ಟಿ ಇರಲಿಲ್ಲ. ಬಾಗಿಲು ಮುಚ್ಚಿಕೊಂಡು ಒಂದು ಗಂಟೆ ಮೇಷ್ಟ್ರಿಗೆ ಬೈದರು. ಹೊರಗೆ ನಿಂತು ನಾನೂ ಕೇಳಿಸಿಕೊಂಡೆ. ಆ ವರ್ಷ ಅವರಿಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಅದು ನನ್ನಿಂದ ಅಂತ ಜವಾನ ನನಗೆ ಹೇಳಿದ. ಅವರು ಹೇಳಲಿಲ್ಲ.

ಮಿಷನ್ ರಿಪೇರಿ ಆಗಿ ಬಂದಮೇಲೆ ಪ್ರಿಂಟರ್ ಹೊತ್ತನ್ನು ಹತ್ತು ಗಂಟೆಗೆ ಬದಲಾಯಿಸಿದರು. ನನ್ನ ಬೆರಳು ಹಿಡಿದು ಅದನ್ನು ನಿಲ್ಲಿಸುವ ಗುಂಡಿ ಒತ್ತಿಸಿದರು. ಒತ್ತಿದೆ, ನಿಂತಿತು. ಬಿಟ್ಟೆ, ಕಟಕಟ ಅಂತು. ಐದಾರು ಸಲ ಒತ್ತಿದೆ. ಅವರು ಸಾಕು ಅನ್ನಲಿಲ್ಲ.

ಎರಡು ವರ್ಷಕ್ಕೆ ಅವರಿಗೆ ವರ್ಗ ಆಯಿತು. ನಾನು ಅದೇ ಆಫೀಸಿನಲ್ಲಿ ಕಾಯಂ ಆದೆ. ಬಹಳ ವರ್ಷದ ಮೇಲೆ, ಹಿರಿಯೂರಿನ ಮನೆಯಲ್ಲಿ ಎದೆನೋವು ಬಂದು ಹೋಗಿಬಿಟ್ಟರು ಅಂತ ಸುದ್ದಿ ಬಂತು. ಬಸ್ಸು ಹತ್ತಿ ಹೋದೆ. ತೆಂಗಿನಕಾಯಿ ಮಂಡಿ ಹಿಂದಿನ ಬೀದಿ. ಕ್ರಿಯೆ ಎಲ್ಲ ಮುಗಿದಿತ್ತು. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು.

"ಯಾರಮ್ಮ ನೀನು?"

ದುರ್ಗದ ಆಫೀಸಲ್ಲಿ ಗುಡಿಸುತ್ತಿದ್ದೋಳು ಅಂದು ಸುಮ್ಮನಾಗಬಹುದಿತ್ತು. ಆದರೂ ಹೇಳಿದೆ. "ಹೊಗೆ ಹಾಕಿ ಅವರ ಮಿಷನ್ ಕೆಡಿಸಿದೋಳು ನಾನು. ಬಡ್ತಿ ತಪ್ಪಿಸಿದೋಳು."

ಆಕೆ ಗೋಡೆ ಬಿಟ್ಟು ನೆಟ್ಟಗೆ ಕೂತರು. "ಹೊಗೆನಾ? ಆ ವರ್ಷ ಊಟ ಬಿಟ್ಟು ಕೂತಿರೋರು. ಏನಾತು ಅಂದ್ರೆ ಹೊಗೆ ಹೊಕ್ಕಿತ್ತು, ತೆಗೆದೆ ಅಂತ ಅಷ್ಟೇ ಅಂದ್ರು. ಯಾರು ಏನು ಅಂತ ಬಾಯೇ ಬಿಡ್ಲಿಲ್ಲ. ನಾನು ಎಲ್ಲೋ ಬೀಡಿ ಸೇದೋದು ಕಲ್ತವ್ರೆ ಅಂತ ದಿನಾ ಜೇಬು ತಡಕ್ತಿದ್ದೆ ಕಣಮ್ಮ. ಜಗಳ ಆಡಿದೀನಿ. ಅಮ್ಮನ ಮನೆಗೆ ಹೋಗ್ತೀನಿ ಅಂತ ಟ್ರಂಕು ತೆಗೆದಿದ್ದೆ."

ಹೇಳುತ್ತಾ ಹೇಳುತ್ತಾ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆ ಅಂದುಕೊಂಡೆ. ನಗುತ್ತಿದ್ದರು. ಒಳಗಿನಿಂದ ಯಾರೋ ಬಂದು ಇಣುಕಿ ನೋಡಿ ಹೋದರು.

"ಕುಂತ್ಕ" ಅಂದರು, ಚಾಪೆ ನನ್ನ ಕಡೆ ಎಳೆದು. "ಮೊದಲಿಂದ ಹೇಳು. ಏನೂ ಬಿಡಬ್ಯಾಡ."

ಕೂತೆ. ಮೊದಲಿಂದ ಹೇಳಿದೆ.