ಬರ್ನಾರ್ಡ್ ಮೇಷ್ಟ್ರ ಡ್ಯಾಶ್‌ಬೋರ್ಡ್ ದೀಪ

ಕೋವೆಂಟ್ರಿಯ ಬರ್ನಾರ್ಡ್ ಟಕ್‌ವೆಲ್ ಇಪ್ಪತ್ತೆಂಟು ವರ್ಷ ತಾಂತ್ರಿಕ ಕಾಲೇಜಿನಲ್ಲಿ ಮೋಟಾರು ಗಾಡಿಗಳ ವೈರಿಂಗ್ ಕಲಿಸಿದವನು. ನಿವೃತ್ತಿಯ ದಿನ ಜೊತೆಯವರು ಕೊಟ್ಟ ಗಡಿಯಾರ ಮೂರೇ ತಿಂಗಳಿಗೆ ನಿಧಾನವಾಯಿತು. ಅದನ್ನು ರಿಪೇರಿ ಮಾಡಹೋಗಿ ಪೂರಾ ನಿಲ್ಲಿಸಿಬಿಟ್ಟದ್ದನ್ನು ಅವನೇ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. "ನಾನು ಹುಟ್ಟಿದ್ದು ಪಾಠ ಹೇಳೋಕೆ ಕಣ್ರೀ, ಕೆಲಸ ಮಾಡೋಕಲ್ಲ."

ಅವನ ಬಳಿ ೧೯೬೭ರ ಹಸಿರು ಬಣ್ಣದ, ಇಬ್ಬರೇ ಕೂರುವ, ಮೇಲ್ಭಾಗ ತೆರೆದ ಸ್ಪೋರ್ಟ್ಸ್ ಕಾರಿತ್ತು. ತಯಾರಾದದ್ದೂ ಅದೇ ಊರಿನ ಕಾರ್ಖಾನೆಯಲ್ಲಿ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಡ್ಯಾಶ್‌ಬೋರ್ಡಿನ ದೀಪದ ಸ್ವಿಚ್ಚು ಕೆಟ್ಟು ಎರಡು ವರ್ಷವಾದರೂ ಬರ್ನಾರ್ಡ್ ಅದರ ತಂಟೆಗೆ ಹೋಗಿರಲಿಲ್ಲ. ಹೆಂಡತಿ ಹಿಲರಿ ಕೇಳಿದರೆ, "ಇಂಜಿನ್ ಸದ್ದಲ್ಲೇ ನಂಗೆ ಸ್ಪೀಡ್ ಗೊತ್ತಾಗುತ್ತೆ" ಎನ್ನುತ್ತಿದ್ದ.

ಅಕ್ಟೋಬರಿನ ಒಂದು ಮುಸ್ಸಂಜೆ, ಮೂವತ್ತು ಮೈಲಿ ಮಿತಿಯ ರಸ್ತೆಯಲ್ಲಿ ನಲವತ್ತೊಂದರಲ್ಲಿ ಹೋಗಿ ಪೊಲೀಸರ ಕ್ಯಾಮೆರಾಕ್ಕೆ ಸಿಕ್ಕಿಬಿದ್ದ. ಮೊದಲ ತಪ್ಪೆಂದು, ದಂಡದ ಬದಲು ವೇಗಮಿತಿಯ ಪಾಠ ಹೇಳುವ ಅರ್ಧ ದಿನದ ತರಗತಿಗೆ ಕಳಿಸಿದರು. ಅಲ್ಲಿ ಪಾಠ ಹೇಳಲು ನಿಂತಿದ್ದವನು ಅವನ ಹಳೆಯ ಶಿಷ್ಯ ಕ್ರೇಗ್ ಮಡ್ಜ್.

"ಸಾರ್, ನೀವು ಮುಂದಿನ ಸಾಲಿಗೆ ಬನ್ನಿ" ಎಂದ ಕ್ರೇಗ್. "ಹಿಂದೆ ಕೂತು ಮಾತಾಡೋರು ನಂಗಾಗಲ್ಲ ಅಂತ ನೀವೇ ಹೇಳ್ತಿದ್ರಲ್ಲ."

ಬರ್ನಾರ್ಡ್ ತಲೆ ತಗ್ಗಿಸಿಕೊಂಡು ಮುಂದಿನ ಸಾಲಿಗೆ ಹೋದ. ಮನೆಗೆ ಬಂದರೆ ಹಿಲರಿಯ ತೀರ್ಪು ಸಿದ್ಧವಾಗಿತ್ತು: "ಸ್ವಿಚ್ ಸರಿಮಾಡು, ಇಲ್ಲಾ ಕಾರು ಮಾರು."

ಶನಿವಾರ ಬೆಳಿಗ್ಗೆ ಬ್ಯಾಟರಿಯ ತಂತಿ ಕಳಚಿ, ಸೀಟಿನ ಮೇಲೆ ತಲೆಕೆಳಗಾಗಿ ಮಲಗಿ, ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ. ಕಾಲುಗಳು ಸೀಟಿನ ಬೆನ್ನಿನಾಚೆ ಆಕಾಶ ನೋಡುತ್ತಿದ್ದವು. ಸ್ವಿಚ್ಚೇನೋ ಕೈಗೆ ಬಂತು. ಅದರ ತಗಡಿನ ಕಿವಿಗಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದ್ದೇ ತಡ, ಟಿಣ್ ಎಂದು ಒಳಗಿಂದ ಏನೋ ಹಾರಿತು. ಹುಡುಕೋಣವೆಂದು ಏಳಹೋದರೆ ಸೊಂಟ ಒಪ್ಪಲಿಲ್ಲ.

"ಬರ್ನಾರ್ಡ್, ನಿನ್ನ ಕಾಲು ಮಾತ್ರ ಕಾಣ್ತಿದೆ. ಮಿಕ್ಕಿದ್ದೂ ಅಲ್ಲೇ ಇದೆಯಾ?" ಎಂದಿತು ಬೇಲಿಯಾಚೆಯಿಂದ ಒಂದು ದನಿ. ಪಕ್ಕದ ಮನೆಯ ಈನಿಡ್ ಪ್ರಾಸರ್, ಎಪ್ಪತ್ತು ದಾಟಿದ ವಿಧವೆ.

ಆಕೆ ಬಂದು ತೋಳು ಹಿಡಿದು ಎಳೆದಳು. ಹೊರಬಿದ್ದವನೇ ಬರ್ನಾರ್ಡ್ ಅಭ್ಯಾಸಬಲದಿಂದ ಸ್ವಿಚ್ಚಿನ ರಚನೆ ವಿವರಿಸತೊಡಗಿದ. ಈನಿಡ್ ಕೇಳುವಷ್ಟು ಕೇಳಿ, ಬಗ್ಗಿ ಅವನ ಪ್ಯಾಂಟಿನ ಕಾಲ್ತುದಿಯ ಮಡಿಕೆಯೊಳಗೆ ಬೆರಳಾಡಿಸಿ, ಸಾಸಿವೆಯಷ್ಟಿದ್ದ ಉಕ್ಕಿನ ಗುಂಡೊಂದನ್ನು ಎತ್ತಿಕೊಂಡಳು.

"ಸ್ಪ್ರಿಂಗ್ ಒಳಗೇ ಇದೆ. ಸ್ವಲ್ಪ ವ್ಯಾಸಲೀನ್ ತಗೊಂಬಾ. ಅದನ್ನ ಮೆತ್ತದೆ ಗುಂಡು ಕೂರಿಸಿದ್ರೆ ಮತ್ತೆ ಹಾರುತ್ತೆ."

"ನಿಮಗೆ ಹೇಗೆ ಗೊತ್ತು?"

"ಏಳು ವರ್ಷ ಇದೇ ಡ್ಯಾಶ್‌ಬೋರ್ಡಿಗೆ ಸ್ವಿಚ್ ಕೂರಿಸ್ತಿದ್ದೆ, ಕಾರ್ಖಾನೇಲಿ."

ಬರ್ನಾರ್ಡ್ ಹನ್ನೊಂದು ವರ್ಷದಿಂದ ಇದೇ ಬೇಲಿಯ ಮೇಲೆ ಕೈಯೂರಿ, ಈ ಕಾರನ್ನು ಹೇಗೆ ಜೋಡಿಸುತ್ತಿದ್ದರು ಎಂದು ಆಕೆಗೆ ಪಾಠ ಹೇಳುತ್ತ ಬಂದಿದ್ದ.

"ಮತ್ತೆ ಯಾಕೆ ಹೇಳ್ಲೇ ಇಲ್ಲ?"

"ಹೇಳೋಣ ಅಂದ್ರೆ ನೀನು ಮಾತು ನಿಲ್ಲಿಸ್ಬೇಕಲ್ಲಪ್ಪ!"

ಸ್ವಿಚ್ಚಿನೊಳಗೆ ಕಪ್ಪಾಗಿದ್ದ ತಾಮ್ರವನ್ನು ಉಜ್ಜಿ, ಗುಂಡು ಕೂರಿಸಿ, ತಗಡು ಮಡಿಸಿ ಮುಗಿಸಲು ಆಕೆಗೆ ಹತ್ತು ನಿಮಿಷ ಹಿಡಿಯಿತು. ಸ್ವಿಚ್ಚು ಸ್ವಸ್ಥಾನ ಸೇರಿತು. ಬರ್ನಾರ್ಡ್ ತಿರುಗಿಸಿದ. ದೀಪ ಹತ್ತಲಿಲ್ಲ.

"ಇದಕ್ಕೆ ಮೂರು ಕಾರಣ ಇರಬಹುದು" ಎಂದು ಶುರುಮಾಡಿದ. "ಒಂದನೇದು..."

"ಬ್ಯಾಟರಿ ತಂತಿ ಹಾಕಿದ್ಯಾ?" ಎಂದಳು ಈನಿಡ್.

ಬರ್ನಾರ್ಡ್ ಹೋಗಿ ಹಾಕಿಬಂದ. ಮೀಟರುಗಳ ಗಾಜಿನ ಹಿಂದೆ ಮಂದ ಬೆಳಕು ಮೂಡಿತು. ನಗಬಹುದೆಂದು ಕಾದರೆ, ಈನಿಡ್ ಆ ಬೆಳಕನ್ನೇ ನೋಡುತ್ತ ನಿಂತಿದ್ದಳು.

"ಕಾರ್ಖಾನೆ ಬೆಂಚಲ್ಲಿ ಮೂರು ಜನ ಇದ್ವಿ. ಮಾರ್ಜರಿ, ಡಾಟ್, ನಾನು. ಎಷ್ಟು ಸಾವಿರ ಕೂರಿಸಿದ್ವೋ ಲೆಕ್ಕ ಇಲ್ಲ. ಒಂದು ಕಾರಲ್ಲೂ ಕೂತು ಹೋಗಿಲ್ಲ ನೋಡು."

ಬರ್ನಾರ್ಡ್ ಜೇಬಿನಿಂದ ಕೀಲಿ ತೆಗೆದು ಆಕೆಯ ಕೈಗಿಟ್ಟ. ಹಿಲರಿಗೂ ಕೊಡದಿದ್ದ ಕೀಲಿ ಅದು.

ಸಂಜೆ ಈನಿಡ್ ತಲೆಗೆ ಸ್ಕಾರ್ಫ್ ಬಿಗಿದು ಪಕ್ಕದೂರು ಕೆನಿಲ್‌ವರ್ತ್ ಕಡೆ ಕಾರು ಓಡಿಸಿದಳು. ಗೇರ್ ಹಾಕುವ ರೀತಿ ಬರ್ನಾರ್ಡನಿಗೆ ಹಿಡಿಸಲಿಲ್ಲ. ನಾಲ್ಕು ಸಲ ಬಾಯಿ ತೆರೆದು ನಾಲ್ಕು ಸಲವೂ ಮುಚ್ಚಿದ. ಜೀವಮಾನದಲ್ಲೇ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ. ಕೊನೆಗೆ ತಡೆಯಲಾರದೆ, "ಆ ಡಾಟ್ ಅನ್ನೋರು ಹೇಗಿದ್ರು?" ಎಂದು ಕೇಳಿದ.

"ಅಯ್ಯೋ, ಅವಳ ಕಥೆ ಕೇಳಬೇಡ!" ಎಂದಳು ಈನಿಡ್. ಊರು ಬರುವವರೆಗೂ ಅದನ್ನೇ ಹೇಳಿದಳು.