ಬೆಟ್ಟದ ಮೇಲೆ ಪ್ರಮೋದಾಳ ಕಾಲು

ಪ್ರಮೋದಾಗೆ ಬೆಟ್ಟದ ರಂಗನಾಥನೆಂದರೆ ಚಿಕ್ಕಂದಿನಿಂದ ಸಲುಗೆ. ಪಾಳೆಯಗಾರರ ಕಾಲದ ಆ ಗುಡಿಗೆ ಊರಿನವರೆಲ್ಲ ಏದುಸಿರು ಬಿಡುತ್ತ ಹತ್ತುವಾಗ ಅವಳು ಓಡಿ ಹತ್ತಿ, ಮೇಲಿನ ಬಂಡೆಯಿಂದ ಎಲ್ಲರನ್ನೂ ಕೂಗಿ ಅಣಕಿಸುತ್ತಿದ್ದಳು. ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ಗೆ ಸೇರಿದ ಮೇಲೂ ವರ್ಷಕ್ಕೊಮ್ಮೆ ತಪ್ಪಿಸಿರಲಿಲ್ಲ. ಆಮೇಲೊಂದು ಸಂಜೆ ಶಿಫ್ಟ್ ಮುಗಿಸಿ ಸ್ಕೂಟಿಯಲ್ಲಿ ಬರುವಾಗ ಲಾರಿ ಗುದ್ದಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಕೃತಕ ಕಾಲು ಹಾಕಿಕೊಂಡು ನಡೆಯಲು ಕಲಿತು, ಮತ್ತೆ ಹೊಲಿಗೆ ಮಿಷನ್ನಿನ ಮುಂದೆ ಕೂತ ಮೇಲೆ ಸೋದರತ್ತೆ ಪಾಪಮ್ಮನಿಗೆ ಹೇಳಿದಳು: "ಅತ್ತೆ, ಈ ಭಾನುವಾರ ಬೆಟ್ಟಕ್ಕೆ ಹೋಗಣ. ಮೆಟ್ಟಿಲಲ್ಲೇ ಹತ್ತುತೀನಿ."

ಹತ್ತಿದಳು. ಕೃತಕ ಕಾಲು ಸೇರುವ ಜಾಗದಲ್ಲಿ ಚರ್ಮ ಉರಿಯುತ್ತಿತ್ತು. ಪಾಪಮ್ಮ ಕೈ ಚಾಚಿದಾಗಲೆಲ್ಲ "ಬೇಡ ಬಿಡತ್ತೆ" ಅಂದಳು. ಚಪ್ಪಲಿ ಬಿಟ್ಟು, ಎರಡೂ ಪಾದ ತೊಳೆದು ಹೊಸ್ತಿಲಿಗೆ ಬಂದರೆ ಗುಡಿಯ ಸಮಿತಿಯ ಆದಿನಾರಾಯಣಪ್ಪ ಅಡ್ಡ ಬಂದ.

"ಅದನ್ನೂ ಬಿಚ್ಚಿಟ್ಟು ಬಾರಮ್ಮ."

"ಯಾವುದನ್ನ?"

"ಅದೇ, ಆ ಪ್ಲಾಸ್ಟಿಕ್ ಕಾಲು. ಆಸ್ಪತ್ರೆ, ರಸ್ತೆ ಎಲ್ಲಾ ತುಳಿದಿರೋದು. ಮೈಲಿಗೆ ಆಯ್ತದೆ. ಇಲ್ಲಾಂದ್ರೆ ಇಲ್ಲೇ ಕೂತ್ಕೊ, ತೀರ್ಥ ಕಳಿಸ್ತೀನಿ."

ಪ್ರಮೋದಾಳ ಮೈಯೆಲ್ಲ ಉರಿದುಹೋಯಿತು. "ಸ್ವಾಮಿ, ನಿಮ್ಮ ಕಾಲು ರಸ್ತೆ ತುಳಿಯಲ್ವಾ? ತೊಳ್ಕೊಂಡು ಒಳಗೆ ಹೋಗ್ತೀರ. ನಾನೂ ತೊಳ್ದಿದೀನಿ. ಇದು ಚಪ್ಪಲಿ ಅಲ್ಲ, ನನ್ನ ಕಾಲು. ಇದ್ರಲ್ಲೇ ಬೆಟ್ಟ ಹತ್ತಿದೀನಿ. ನಿಮ್ಮ ಪಂಚೆ ಮೇಲಿರೋದೇನು? ತೊಗಲಿನ ಬೆಲ್ಟು! ಅದು ಮಾತ್ರ ಒಳಗೆ ಬರಬಹುದಾ?"

ಆದಿನಾರಾಯಣಪ್ಪನ ಕೈ ತಾನಾಗಿ ಬೆಲ್ಟಿನ ಮೇಲೆ ಹೋಯಿತು. ಸಾಲಿನಲ್ಲಿದ್ದ ಒಬ್ಬ ಫೋನ್ ಎತ್ತಿ ಹಿಡಿದ. ಅದು ಅವಳನ್ನು ಇನ್ನಷ್ಟು ಕೆರಳಿಸಿತು. "ವಿಡಿಯೋ ಮಾಡೋ ಬದ್ಲು ನ್ಯಾಯ ಕೇಳಪ್ಪಾ!" ಎಂದು ಗದರಿದಳು.

ಪಾಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡಿಯೇ ಒಳಕ್ಕೆ. ಯಾರು ತಡೀತಾರೋ ನೋಡೇಬಿಡ್ತೀನಿ."

ಆತ ಗೊಣಗುತ್ತ ಪಕ್ಕಕ್ಕೆ ಸರಿದ.

ಒಳಗೆ ಅರ್ಚಕರು ಎಲ್ಲರಿಗೂ ಕೊಟ್ಟಂತೆಯೇ ತೀರ್ಥ ಕೊಟ್ಟರು. ಪ್ರಮೋದಾ ಕೈ ಮುಗಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೇಳಿಕೊಳ್ಳಬೇಕೆಂದು ಬಂದಿದ್ದ ಒಂದು ಮಾತೂ ನೆನಪಾಗಲಿಲ್ಲ.

ಇಳಿಯುವಾಗ ಪಾಪಮ್ಮ ಸಮಾಧಾನ ಮಾಡಿದಳು: "ದರ್ಶನ ಆಯ್ತಲ್ಲ, ಬಿಡು."

"ಎಲ್ಲಿ ಆಯ್ತತ್ತೆ? ಆ ಯಪ್ಪನ ಮುಖಾನೇ ಕಣ್ಮುಂದೆ ಇತ್ತು. ಸ್ವಾಮೀನ ನೋಡೇ ಇಲ್ಲ ನಾನು." ಪ್ರಮೋದಾ ಕಂಬಿ ಹಿಡಿದು ಒಂದು ಗಳಿಗೆ ನಿಂತಳು. "ಮುಂದಿನ ವಾರ ಮತ್ತೆ ಬರ್ತೀನಿ. ಫ್ಯಾಕ್ಟರಿ ಹುಡ್ಗೀರನ್ನೂ ಕರ್ಕೊಂಡು ಬರ್ತೀನಿ."