ಬೀಜಕ್ಕೆ ಬಿಟ್ಟ ಸೌತೆಕಾಯಿ

ತಾರಸಿಯ ಕುಂಡದಲ್ಲಿ ಬಲಿಯುತ್ತಿದ್ದ ಸೌತೆಕಾಯಿಗೆ ಬೆಳಿಗ್ಗೆ ನಾನು ಕೆಂಪು ಚಿಂದಿ ಕಟ್ಟಿದೆ. "ಅದಕ್ಕೇನು ಗಾಯ ಆಗೈತೇನ್ರಿ?" ಎಂದಳು ಹೆಂಡತಿ.

ಜಗಳೂರಿನ ನಮ್ಮ ಹಿತ್ತಲಲ್ಲಿ ಅವ್ವ ಚಿಂದಿ ಕಟ್ಟಿದ ಕಾಯಿ ಬೀಜಕ್ಕೆ ಮೀಸಲು. ಸಂತೆಯಲ್ಲಿ ತರಕಾರಿ ಕೊಳ್ಳುವುದೆಂದರೆ ಅವಳಿಗೆ ಅವಮಾನ. ಚಿಕ್ಕವನಿದ್ದಾಗ ಒಂದು ವರ್ಷ, ಬಳ್ಳಿಯಲ್ಲಿ ಉಳಿದಿದ್ದ ಒಂದೇ ಕಾಯಿಯನ್ನು ನಾನು ಉಪ್ಪು ಹಚ್ಚಿಕೊಂಡು ತಿಂದುಬಿಟ್ಟೆ. ಅನುಮಾನ ಬರದಿರಲೆಂದು ಚಿಂದಿಯನ್ನು ಪಕ್ಕದ ಬದನೆಕಾಯಿಗೆ ಕಟ್ಟಿದೆ.

ಅವ್ವ ಬೈಯಲಿಲ್ಲ. "ಮುಂದಿನ ವರ್ಷ ಏನ್ ಬಿತ್ತಲೋ?" ಎಂದು ಬಳ್ಳಿಯ ಬುಡದಲ್ಲಿ ಕುಳಿತಳು. ನನಗೆ ಅಳು ಬಂತು. ಬೇಲಿಯಾಚೆಯಿಂದ ಕೇಳಿಸಿಕೊಂಡ ಗಂಗಕ್ಕ, ಬೂದಿ ಹಚ್ಚಿದ ಬೀಜದ ಗಂಟು ತಂದಳು. "ಹೋದ ವರ್ಷ ನೀನೇ ಕೊಟ್ಟಿದ್ದು ಕಣವ್ವ. ನಿನ್ ಮಗನ ಹಲ್ಲಿಗೆ ಸಿಗದಂಗೆ ಇಟ್ಟಿದ್ದೆ."

ತಾರಸಿಯ ಈ ಕಾಯಿ ಹಣ್ಣಾದ ಮೇಲೆ ಅರ್ಧ ಬೀಜ ಪಕ್ಕದ ಮನೆಗೆ ಕೊಡಬೇಕು. ನನ್ನ ಹಲ್ಲಿನ ಮೇಲೆ ನನಗಿನ್ನೂ ನಂಬಿಕೆಯಿಲ್ಲ.